ತೊಳೆಯದ ಬಟ್ಟೆಯ ಕೌದಿ

ಕೌದಿ ಹೊಲಿಸುವುದಕ್ಕೆ ಸರ್ಕಾರ ಒಬ್ಬಳನ್ನು ನೇಮಿಸಿತ್ತು ಎಂದರೆ ಈಗ ಅಂಗನವಾಡಿಗೂ ಹೊಲಿಗೆ ಕೇಂದ್ರಗಳಿಗೂ ಸೇರುತ್ತಿರುವ ಹುಡುಗಿಯರು ನಗುತ್ತಾರೆ. ನೇಮಿಸಿದ್ದು ನಿಜ. ನಾನು ಗ್ರಾಮಸೇವಿಕೆಯಾಗಿದ್ದೆ. ಐವತ್ತರ ದಶಕದ ಕೊನೆಯಿಂದ ಅರವತ್ತರ ದಶಕ ಮುಗಿಯುವವರೆಗೆ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ನಡೆದೇ ಕೆಲಸ ಮಾಡಿದೆ. ಹೊಗೆಯಿಲ್ಲದ ಒಲೆ ಹಾಕಿಸುವುದು, ಬಚ್ಚಲ ನೀರಿಗೆ ಗುಂಡಿ ತೋಡಿಸುವುದು, ಹೆಂಗಸರನ್ನು ಮಹಿಳಾ ಮಂಡಲಿಗೆ ಸೇರಿಸುವುದು, ಸೇರಿದವರಿಗೆ ಹೊಲಿಗೆ ಕಲಿಸುವುದು. ಹೊಸ ಬಟ್ಟೆ ಯಾರ ಮನೆಯಲ್ಲೂ ಹೆಚ್ಚಿಗೆ ಇರಲಿಲ್ಲ. ಆದ್ದರಿಂದ ಹೊಲಿಗೆ ಎಂದರೆ ಹಳೆಯ ಸೀರೆ, ಪಂಚೆ, ಲಂಗಗಳ ಚಿಂದಿ ಸೇರಿಸಿ ಕೌದಿ ಹೊಲಿಯುವುದೇ ಆಗಿತ್ತು.

ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎಂಬುದು ಕಚೇರಿಯ ಕಡತದಲ್ಲಿದೆ. ನಾನು ಹೆದರಿದ್ದು ಯಾವ ಕಡತದಲ್ಲೂ ಇಲ್ಲ. ಈ ಕೆಲಸಕ್ಕೆ ಬರುವವರು ತಿಳಿದಿರಬೇಕಾದದ್ದು ಅದೇ.

ತರಬೇತಿ ಕೇಂದ್ರದಲ್ಲಿ ಬೆಳಗ್ಗೆ ಐದಕ್ಕೆ ಗಂಟೆ ಹೊಡೆಯುತ್ತಿತ್ತು. ಐದೂಕಾಲಕ್ಕೆ ಹಾಸಿಗೆ ಮಡಿಚಿರಬೇಕು. ಸೂಜಿಗಳನ್ನು ಎಣಿಸಿ ಪಡೆದು ಎಣಿಸಿ ಹಿಂದಿರುಗಿಸಬೇಕು. ಒಂದು ಕಡಿಮೆಯಾದರೆ ಅದು ಸಿಗುವವರೆಗೆ ಎಲ್ಲರೂ ನೆಲ ತಡವಬೇಕು, ಅಲ್ಲಿಯವರೆಗೆ ಊಟವಿಲ್ಲ. ಚಿಂದಿಗೂ ಒಂದು ಕ್ರಮವಿತ್ತು. ಮೊದಲು ಕುದಿಯುವ ನೀರು, ಆಮೇಲೆ ಬಿಸಿಲು, ಆಮೇಲೆ ಕತ್ತರಿ. ಯಾರ ಮನೆಯ ಬಟ್ಟೆಯಾದರೂ ಸರಿ, ಕುದಿಸದೆ ಕತ್ತರಿಗೆ ಕೊಡುವಂತಿಲ್ಲ. ಈ ಕ್ರಮ ನನಗೆ ಒಗ್ಗಿತ್ತು. ನನ್ನ ತಂದೆಯೂ ಗಡಿಯಾರ ನೋಡಿ ನೀರು ಕುಡಿಯುವಂಥವರು.

ಕಡೂರಿನ ಮೊದಲ ವರ್ಷದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಎಮ್ಮೆದೊಡ್ಡಿಯ ಕಾವಲಿನ, ಎಂದರೆ ಸರ್ಕಾರಿ ಹುಲ್ಲುಗಾವಲಿನ, ಆಚೆ ಒಂದು ಹಳ್ಳಿಗೆ ವಾರಕ್ಕೊಮ್ಮೆ ಹೋಗಬೇಕಿತ್ತು. ಕಾವಲಿನಲ್ಲಿ ಅಮೃತಮಹಲ್ ದನಗಳು ಮೇಯುತ್ತಿದ್ದವು. ಮನೆಯ ದನಗಳ ಹಾಗಲ್ಲ ಅವು. ಹೊಸಬರನ್ನು ಕಂಡರೆ ಮೇಯುವುದನ್ನು ಬಿಟ್ಟು ಒಟ್ಟಿಗೆ ತಲೆ ಎತ್ತುತ್ತವೆ. ಒಂದು ದಿನ ತಲೆಯ ಮೇಲೆ ಚಿಂದಿಯ ಗಂಟು ಹೊತ್ತು ನಡುಗಾವಲಿಗೆ ಬಂದಿದ್ದೆ. ಇಪ್ಪತ್ತು ಮೂವತ್ತು ಜೊತೆ ಕೊಂಬು ನನ್ನ ಸುತ್ತ ಅರ್ಧ ಚಂದ್ರದ ಹಾಗೆ ನಿಂತುಬಿಟ್ಟವು. ಕಾಲು ಕೀಳಲಾಗಲಿಲ್ಲ. ದೂರದಿಂದ ದನ ಕಾಯುವವನೊಬ್ಬ ಕೂಗಿದ.

"ಓಡ್ಬೇಡ ಕಣವ್ವ. ಗಂಟು ಕೆಳಗ್ ಬಿಸಾಕು."

"ಇದು ಸರ್ಕಾರದ್ದು. ಸ್ಟಾಕ್ ಪುಸ್ತಕದಲ್ಲಿದೆ" ಎಂದೆ.

"ನೀನೂ ಸ್ಟಾಕ್ ಪುಸ್ತಕದಾಗಿದ್ರೆ ನಿನ್ ಹೆಸ್ರೂ ಹೊಡ್ದಾಕ್ತಾರೆ ಇವತ್ತು. ಬಿಸಾಕವ್ವ ಸುಮ್ನೆ."

ಬಿಸಾಕಿದೆ. ಮುಂದಿದ್ದ ಹೋರಿ ಬಂದು ಮೂಸಿ, ಗಂಟನ್ನು ಕೊಂಬಿಗೆ ಸಿಕ್ಕಿಸಿಕೊಂಡು ಹೊರಟಿತು. ಉಳಿದವು ಅದರ ಹಿಂದೆ ಹೋದವು. ಚಿಂದಿ ಕಾವಲಿನ ತುಂಬ ಉದುರಿತು. ತಿಂಗಳ ವರದಿಯಲ್ಲಿ "ದನ ಒಯ್ದಿತು" ಎಂದು ಬರೆದೆ. ನಮ್ಮ ಮುಖ್ಯಸೇವಿಕೆ, ಎಂದರೆ ನನ್ನ ಮೇಲಿನವರು, ಕನ್ನಡಕದ ಮೇಲಿಂದ ನೋಡಿ, "ಯಾರ ದನ?" ಎಂದು ಮಾತ್ರ ಕೇಳಿದರು. ನಾನು ಹೆದರಿದ್ದೆನೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆದರಿದ್ದನ್ನು ವರದಿಯಲ್ಲಿ ಬರೆಯುವುದಿಲ್ಲ ಎಂದು ಆವತ್ತು ಕಲಿತೆ. ಕಲಿಯಬಾರದಿತ್ತು.

ಎರಡು ವರ್ಷದ ಮೇಲೆ ನನ್ನನ್ನು ಅಜ್ಜಂಪುರಕ್ಕೆ ಹಾಕಿದರು. ಸ್ಟೇಷನ್ನಿನ ಹತ್ತಿರ ಒಂದು ಕೋಣೆ ಹಿಡಿದೆ. ತಿಂಗಳಿಗೊಮ್ಮೆ ತರೀಕೆರೆಯ ಕಚೇರಿಗೆ ಹೋಗಿ ಅಲ್ಲಿನ ಮುಖ್ಯಸೇವಿಕೆಯ ಮುಂದೆ ದಿನಚರಿ ಪುಸ್ತಕ ಇಡಬೇಕು. ನನಗೆ ಕೊಟ್ಟ ಹಳ್ಳಿಗಳಲ್ಲಿ ಒಂದು ಅಜ್ಜಂಪುರದಿಂದ ಎರಡು ಮೈಲಿ. ಹೆಸರು ಬೇಡ. ಆ ಮನೆಗಳವರು ಈಗಲೂ ಅಲ್ಲಿದ್ದಾರೆ.

ಆ ಹಳ್ಳಿಯ ಮಂಡಲಿಗೆ ಮೊದಲ ನಾಲ್ಕು ತಿಂಗಳು ಮೂವರು ಬಂದರು. ಒಬ್ಬಳು ಮಾತಾಡಲು, ಒಬ್ಬಳು ನನ್ನ ಕತ್ತರಿಯಲ್ಲಿ ತನ್ನ ಬಟ್ಟೆ ಕತ್ತರಿಸಿಕೊಂಡು ಹೋಗಲು. ಮೂರನೆಯವರು ಸಿದ್ದಮ್ಮ, ನನ್ನನ್ನು ಪರೀಕ್ಷೆ ಮಾಡಲು ಬಂದವರು. ಅರವತ್ತರ ವಯಸ್ಸು. ಚಿಕ್ಕಂದಿನಲ್ಲಿ ಸಿಡುಬು ಎದ್ದು ಉಳಿದ ಮುಖ, ಕೆನ್ನೆಯ ಮೇಲೆಲ್ಲ ಕುಳಿಗಳು. ಊರಿನಲ್ಲಿ ಯಾರ ಮನೆಯ ಕೌದಿಯಾದರೂ ಅವರ ಕೈಯಿಂದಲೇ ಹೊರಟು ಬರಬೇಕು.

"ಟೀಚರಮ್ಮ, ನೀವ್ ಸೂಜಿ ಹಿಡ್ಯೋದ್ ನೋಡಿದ್ರೆ ಪೆನ್ನು ಹಿಡ್ದಂಗೈತೆ. ಬಟ್ಟೆ ಮೇಲೆ ಸಹಿ ಮಾಡ್ತೀರಾ?" ಎಂದರು ಮೊದಲ ದಿನ.

ನಾನು ಕಲಿತ ಪದ್ಧತಿಯಲ್ಲಿ ಕೌದಿಗೆ ನಡುವಿನಿಂದ ಹೊಲಿಗೆ ಶುರುಮಾಡಿ ಅಂಚಿಗೆ ಹೋಗಬೇಕು, ಆಗ ಬಟ್ಟೆ ಉಬ್ಬುವುದಿಲ್ಲ. ಸಿದ್ದಮ್ಮ ಅಂಚಿನಿಂದ ಶುರುಮಾಡಿ, ಮನೆಯ ಸುತ್ತ ನಡೆದಂತೆ ಸುತ್ತು ಬಳಸಿ, ನಡುವಿಗೆ ಬಂದು ಮುಗಿಸುತ್ತಿದ್ದರು. ಅವರದೂ ಉಬ್ಬುತ್ತಿರಲಿಲ್ಲ. ನನಗೆ ಅದು ಹೇಗೆಂದು ಇವತ್ತಿಗೂ ಗೊತ್ತಿಲ್ಲ.

ಅವರ ಸೊಸೆ ರತ್ನ. ಇಪ್ಪತ್ತೆರಡು ವರ್ಷವಿದ್ದೀತು. ಮಾತು ಕಡಿಮೆ. ಮೊದಲ ಮಗು ಮೂರು ತಿಂಗಳಿಗೆ ಹೋಗಿತ್ತು, ಎರಡನೆಯದು ಇಪ್ಪತ್ತು ದಿನಕ್ಕೆ. ನಾನು ಹೋದಾಗ ಮೂರನೆಯದಕ್ಕೆ ತುಂಬಿದ ಬಸುರಿ. ಒಂದು ದಿನ ಮಂಡಲಿ ಮುಗಿದು ಇತರರು ಎದ್ದುಹೋದ ಮೇಲೆ ಸಿದ್ದಮ್ಮ ಉಳಿದರು.

"ಒಂದ್ ಕೌದಿ ಹೊಲೀಬೇಕು ಟೀಚರಮ್ಮ. ನಿಮ್ ಕೈಲಾಗ್ಬೇಕು."

"ನನ್ನ ಕೈ ಪೆನ್ನು ಹಿಡಿಯೋ ಕೈ ಅಂದಿರಲ್ಲ."

"ಹೊಲ್ಯೋದು ನಾನೇ ಬಿಡಿ. ಬೇಡ್ಕೊಂಡ್ ಬರೋದು ನಿಮ್ದು."

ಆ ಮನೆಗಳಲ್ಲಿ ಒಂದು ನಡೆವಳಿಕೆಯಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ಒಂಬತ್ತು ಮನೆಯ ಬಟ್ಟೆಯಲ್ಲಿ ಕೌದಿ ಹೊಲಿಯುತ್ತಾರೆ. ಹೆತ್ತ ಮಕ್ಕಳೆಲ್ಲ ಉಳಿದ ಮನೆಗಳಾಗಬೇಕು. ಮಕ್ಕಳು ತೊಟ್ಟ ಬಟ್ಟೆಯೇ ಆಗಬೇಕು. ಬೇಡಿ ತರುವವಳು ಊರಿನಲ್ಲಿ ನೆಂಟರಿಲ್ಲದ ಹೊರಗಿನವಳಾಗಬೇಕು, ಏಕೆಂದರೆ ಅವಳು ಕೇಳಿದರೆ ಯಾವ ಮನೆಯವರೂ ಇಲ್ಲ ಎನ್ನುವಂತಿಲ್ಲ. ಹೆರುವವಳು ಆ ಕೌದಿಗೆ ಸೂಜಿ ಮುಟ್ಟುವಂತಿಲ್ಲ. ಕೊನೆಯದು, ಆ ಬಟ್ಟೆಗೆ ನೀರು ತಾಕಿಸುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ. ಉಳಿದ ಮಕ್ಕಳ ಆಯಸ್ಸು ಅದರಲ್ಲಿ ಇರುತ್ತದಂತೆ.

"ಹೊಲಿಯೋಣ. ಆದರೆ ಬಟ್ಟೆ ಕುದಿಸಲೇಬೇಕು" ಎಂದೆ.

"ಕುದಿಸಿದ್ರೆ ಅದು ಬರೀ ಬಟ್ಟೆ ಕಣಮ್ಮ. ಬರೀ ಬಟ್ಟೆ ನಮ್ಮನೇಲೂ ಐತೆ."

ಸಿದ್ದಮ್ಮ ತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ, "ಎರಡು ಕೂಸ್ನೂ ಈ ಕೈಲೇ ಮಣ್ಣಿಗಿಟ್ಟೆ. ಹೊಸಾ ಬಟ್ಟೇಲೇ ಸುತ್ತಿದ್ದೆ" ಎಂದರು.

ಕರುಣೆಯಿಂದ ಒಪ್ಪಿದೆ ಎಂದು ಬರೆದರೆ ಅರ್ಧ ಮಾತ್ರ ನಿಜ. ಈ ಕೌದಿ ಹೊಲಿದರೆ ಸಿದ್ದಮ್ಮ ನನ್ನವರಾಗುತ್ತಾರೆ, ಅವರ ಹಿಂದೆ ಊರೇ ಮಂಡಲಿಗೆ ಬರುತ್ತದೆ ಎಂಬ ಲೆಕ್ಕಾಚಾರವೂ ಮನಸ್ಸಿನಲ್ಲಿತ್ತು. ತರೀಕೆರೆಯಲ್ಲಿ ನನ್ನ ಹಾಜರಿ ಪುಸ್ತಕ ನೋಡಿ ಮುಖ್ಯಸೇವಿಕೆ ಹಿಂದಿನ ತಿಂಗಳು, "ಮೂವರಿಗೆ ಕಲಿಸೋದಕ್ಕೆ ಸರ್ಕಾರ ಬೇಕಿತ್ತಾ?" ಎಂದಿದ್ದರು. ಒಂದು ಸಲ ಕ್ರಮ ತಪ್ಪಿದರೆ ಏನಾದೀತು ಎಂದುಕೊಂಡೆ.

ಒಂದೇ ಬೆಳಗ್ಗೆ ಎಂಟು ಮನೆ ತಿರುಗಿದೆ. ಒಂಬತ್ತನೆಯದು ಗಂಗಕ್ಕನ ಮನೆ. ಐದು ಹೆತ್ತು ಐದನ್ನೂ ಉಳಿಸಿಕೊಂಡವಳು, ಊರಿನಲ್ಲಿ ಅಂಥವಳು ಅವಳೊಬ್ಬಳೇ. ನಡುವಿನ ಚೌಕ ಅವಳ ಮನೆಯದೇ ಆಗಬೇಕೆಂದು ಸಿದ್ದಮ್ಮ ಹೇಳಿ ಕಳಿಸಿದ್ದರು. ಗಂಗಕ್ಕ ಹೊರಗೆ ಬಂದು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು. ನಾನು ಸೆರಗೊಡ್ಡಿ, ರತ್ನನ ಕೂಸಿಗೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಒಳಗೆ ಹೋದಳು. ಬಟ್ಟೆ ಹರಿಯುವ ಸದ್ದಾಯಿತು. ಕೆಂಪು ಹೂವಿನ ಲಂಗದ ತುಂಡೊಂದನ್ನು ತಂದು ನನ್ನ ಸೆರಗಿಗೆ ಹಾಕಿ, "ತಗೊಂಡ್ ಹೋಗಿ ಟೀಚರಮ್ಮ, ಒಲೆ ಮೇಲೆ ಇಟ್ ಬಂದೀನಿ" ಎಂದು ಬಾಗಿಲು ಹಾಕಿಕೊಂಡಳು.

ಬಟ್ಟೆ ಬೆಚ್ಚಗಿತ್ತು. ಯಾವುದೋ ಮಗು ಈಗತಾನೇ ತೊಟ್ಟಿದ್ದ ಲಂಗ, ಸಿದ್ದಮ್ಮ ಹೇಳಿದ ಹಾಗೆಯೇ ಸಿಕ್ಕಿತಲ್ಲ ಎಂದು ಸಂತೋಷಪಟ್ಟೆ.

ಆ ಕೌದಿ ಹೊಲಿದದ್ದು ಹೀಗೆ. ಒಂದು ಗೇಣಿನ ರಟ್ಟಿನ ಚೌಕ ಮಾಡಿ, ಅದನ್ನು ಬಟ್ಟೆಯ ಮೇಲಿಟ್ಟು, ಸುತ್ತ ಅರ್ಧ ಬೆರಳು ಬಿಟ್ಟು ಕತ್ತರಿಸಿದೆ. ಬಿಟ್ಟ ಅಂಚನ್ನು ಒಳಕ್ಕೆ ಮಡಿಚಿ ಉಗುರಿನಿಂದ ಗೀರಿದರೆ ಇಸ್ತ್ರಿಯೇ ಬೇಡ. ಮೂರು ಚೌಕ ಸೇರಿಸಿ ಒಂದು ಸಾಲು, ಅಂಥ ಮೂರು ಸಾಲು. ಅವನ್ನು ಸೇರಿಸುವಾಗ ಮೂಲೆಗೆ ಮೂಲೆ ಕೂಡಬೇಕು, ಒಂದು ನೂಲು ಆಚೀಚೆಯಾದರೂ ಕಣ್ಣಿಗೆ ಚುಚ್ಚುತ್ತದೆ. ಅಡಿಗೆ ಮೆತ್ತಗಾದ ಹಳೆಯ ಸೀರೆ ಎರಡು ಪದರ. ಸಿದ್ದಮ್ಮ ಅಂಚಿನಿಂದ ಸೂಜಿ ಓಡಿಸಿದರು, ನಾನು ಎದುರಿಗೆ ಕೂತು ಬಟ್ಟೆ ಬಿಗಿ ಹಿಡಿದೆ. ರತ್ನ ಗೋಡೆಗೊರಗಿ ಕೂತು ನಮ್ಮನ್ನು ನೋಡುತ್ತಿದ್ದಳು. ಮೂರನೆಯ ದಿನ ಹೊಲಿಗೆ ಸುತ್ತಿ ಸುತ್ತಿ ಕೆಂಪು ಹೂವಿನ ಚೌಕಕ್ಕೆ ಬಂದು ನಿಂತಿತು. ಅಷ್ಟು ಚೆಂದದ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ.

ಮಾರನೆಯ ದಿನವೇ ರತ್ನನಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಐದನೆಯ ದಿನ ಬಾಣಂತಿಗೂ ಕೂಸಿಗೂ ನೀರು ಹಾಕಿ, ಕೂಸನ್ನು ಕೌದಿಯ ಮೇಲೆ ಮಲಗಿಸಿದರು. ನಡು ಚೌಕದ ಮೇಲೆ ಬೆನ್ನು ಬರುವಂತೆ ಸಿದ್ದಮ್ಮ ಕೈಯಾರೆ ಸರಿಪಡಿಸಿದರು.

ಅದಾದ ಮೂರನೆಯ ದಿನ, ಬೆಳಗ್ಗೆ ಹತ್ತು ಗಂಟೆಗೆ, ಹೊಸ ಒಲೆಯೊಂದನ್ನು ನೋಡಲು ಗಂಗಕ್ಕನ ಮನೆಯ ಪಕ್ಕದ ಮನೆಗೆ ಹೋಗಿದ್ದೆ. ಅಡುಗೆಯ ಹೊತ್ತು. ಆ ಬೀದಿಯ ಮನೆಮನೆಯಿಂದಲೂ ಒಗ್ಗರಣೆಯ ಘಾಟು ಬರುತ್ತಿತ್ತು. ಗಂಗಕ್ಕನ ಮನೆಯಿಂದ ಹೊಗೆ ಮಾತ್ರ ಬರುತ್ತಿತ್ತು, ಘಾಟಿಲ್ಲ. ನಾನು ಕಡೂರಿನಲ್ಲಿ ಹುಟ್ಟಿ ಬೆಳೆದವಳು. ಒಗ್ಗರಣೆ ಯಾವಾಗ ನಿಲ್ಲಿಸುತ್ತಾರೆ ಎಂದು ನನಗೆ ಗೊತ್ತು. ಹಿತ್ತಿಲಿಗೆ ನಡೆದೆ. ಗಂಗಕ್ಕ ಬಾಡಿದ ಬೇವಿನ ಸೊಪ್ಪನ್ನು ತಿಪ್ಪೆಯೊಳಗೆ ಒತ್ತಿ ಮುಚ್ಚುತ್ತಿದ್ದಳು.

"ಎಷ್ಟು ದಿನ ಆಯ್ತು ಗಂಗಕ್ಕ?"

"ಏನು?"

"ಒಳಗೆ ಅಮ್ಮ ಆಗಿರೋದು. ಎಷ್ಟು ದಿನ?"

ಸಿಡುಬಿಗೆ ನಮ್ಮ ಕಡೆ ಅಮ್ಮ ಎಂದೇ ಅನ್ನುವುದು, ಅದು ಎದ್ದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಅವಳು ಕೈಯಲ್ಲಿದ್ದ ಸೊಪ್ಪು ಬಿಟ್ಟಳು. "ಇವತ್ತಿಗೆ ಹದಿನಾರು. ನಾಕನೇದಕ್ಕೆ, ಚಂದ್ರಿಗೆ. ಈಗ ಇಳೀತಾ ಐತೆ. ಯಾರ್ಗೂ ಹೇಳ್ಬೇಡಿ ಟೀಚರಮ್ಮ, ಆಸ್ಪತ್ರೆ ಇನ್‌ಸ್ಪೆಕ್ಟ್ರು ಬಂದು ಕೂಸಿನ್ ಮೈ ಕೊಯ್ತಾರೆ, ಅಮ್ಮ ಮುನಿಸ್ಕೊಂತಾಳೆ."

ಬೆರಳು ಮಡಿಚಿ ಎಣಿಸಿದೆ. ನಾನು ಸೆರಗೊಡ್ಡಿ ನಿಂತದ್ದು ಐದನೆಯ ದಿನ.

"ಆ ಕೆಂಪು ಲಂಗ ಯಾರದು?"

"ಬಾಗ್ಲಲ್ಲೇ ನಿಂತಿದ್ರಿ. ಒಳಗ್ ಬಂದ್ಬಿಡ್ತೀರಾ ಅಂತ ಜೀವ ಹೋಯ್ತು. ಕೊಡಲ್ಲ ಅಂದಿದ್ರೆ ಯಾಕೆ ಅಂತಿದ್ರಲ್ಲ, ಗೊತ್ತಾಗ್ಬಿಡ್ತಿತ್ತು. ಕೈಗೆ ಸಿಕ್ಕಿದ್ದು ಹರ್ದು ಕೊಟ್ಟೆ." ಗಂಗಕ್ಕ ನೆಲ ನೋಡಿದಳು. "ಅವಳ ಮೈಮೇಲಿಂದ್ಲೇ ತೆಗ್ದಿದ್ದು."

ಬಟ್ಟೆ ಏಕೆ ಬೆಚ್ಚಗಿತ್ತು ಎಂದು ಆಗ ತಿಳಿಯಿತು.

ಸಿದ್ದಮ್ಮನ ಮನೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ಹೊಸ್ತಿಲಲ್ಲಿ ನಿಂತೆ. ಒಳಗೆ ಕತ್ತಲೆಯ ಮೂಲೆಯಲ್ಲಿ ಕೂಸು ಮಲಗಿತ್ತು, ಕೌದಿಯ ಅಂಚು ಕಾಣುತ್ತಿತ್ತು. ರತ್ನ ನನ್ನನ್ನು ನೋಡಿ ಎದ್ದು ಕೂತಳು. ನಾನು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಸಿದ್ದಮ್ಮ, ಆ ಕೌದಿ ಒಂದೆರಡು ದಿನ ಕೊಡಿ. ತರೀಕೆರೆಯಲ್ಲಿ ನಮ್ಮ ಮೇಡಂಗೆ ತೋರಿಸಬೇಕು."

ಸಿದ್ದಮ್ಮ ನಕ್ಕರು. "ಚೆಂದಾಗೈತಲ್ವಾ? ಮೂರು ತಿಂಗ್ಳು ಹೊಸ್ತಿಲು ದಾಟಿಸಂಗಿಲ್ಲ ಕಣಮ್ಮ. ಬೇಕಾದ್ರೆ ನಿಮ್ ಮೇಡಮ್ಮನ್ನೇ ಕರ್ಕೊಂಡ್ ಬನ್ನಿ, ಬೆಲ್ಲದ ಕಾಫಿ ಕೊಡ್ತೀನಿ."

"ಆಗಲಿ" ಎಂದು ಹೊರಟುಬಂದೆ. ಎರಡು ಮೈಲಿ ನಡೆದು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ.

ಆ ಹೊತ್ತಿನಲ್ಲಿ ಏನು ಮಾಡಿದೆ ಎಂದು ಕೇಳಿ. ಗುಂಡಿಯ ಡಬ್ಬ ತೆಗೆದು ಗುಂಡಿಗಳನ್ನು ವಿಂಗಡಿಸಿದೆ. ದೊಡ್ಡವು, ಚಿಕ್ಕವು, ಎರಡು ಕಣ್ಣಿನವು, ನಾಲ್ಕು ಕಣ್ಣಿನವು. ಮುಗಿದ ಮೇಲೆ ಎಲ್ಲವನ್ನೂ ಬೆರೆಸಿ ಮತ್ತೆ ವಿಂಗಡಿಸಿದೆ. ಹೇಳಿದರೆ ಕುದಿಸದ ಬಟ್ಟೆಯ ವಿಷಯ ಹೊರಗೆ ಬರುತ್ತದೆ, ಕೆಲಸ ಹೋಗುತ್ತದೆ. ಊರಿನ ಬಾಗಿಲು ಮುಚ್ಚುತ್ತದೆ. ಕೂಸಿಗೆ ಏನೂ ಆಗದೆಯೂ ಇರಬಹುದಲ್ಲ, ಸುಮ್ಮನೆ ಬಾಣಂತಿಯನ್ನು ಹೆದರಿಸುವುದೇಕೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಹೆದರಿದವರ ತಲೆಗೆ ಇಂಥ ಕಾರಣಗಳು ಸಾಲುಸಾಲಾಗಿ ಬರುತ್ತವೆ, ಮತ್ತು ಒಂದೊಂದೂ ಸರಿಯಾಗಿಯೇ ಕಾಣುತ್ತದೆ.

ಮಧ್ಯಾಹ್ನ ಮೂರು ದಾಟಿತ್ತು. ದಾರ ಹುಡುಕಲು ಹೊಲಿಗೆಯ ಪೆಟ್ಟಿಗೆ ತೆರೆದೆ. ಚೌಕ ಕತ್ತರಿಸಿದಾಗ ಉಳಿದಿದ್ದ ಕೆಂಪು ಹೂವಿನ ಪಟ್ಟಿ, ಬೆರಳಗಲದ್ದು, ಮೇಲೆಯೇ ಇತ್ತು. ಕೈ ಹಿಂದಕ್ಕೆ ಬಂತು. ನನಗೆ ದಾಕು ಹಾಕಿಸಿ ಎರಡು ವರ್ಷವೂ ಆಗಿರಲಿಲ್ಲ. ಸಿಡುಬು ಬಾರದಂತೆ ತೋಳಿಗೆ ಹಾಕುವ ಚುಚ್ಚುಮದ್ದನ್ನು ಆಗ ಹಾಗೆನ್ನುತ್ತಿದ್ದರು. ಅಷ್ಟಾಗಿಯೂ ಆ ಪಟ್ಟಿಯನ್ನು ನನ್ನಿಂದ ಮುಟ್ಟಲಾಗಲಿಲ್ಲ. ಎಂಟು ದಿನದ ಕೂಸು ಅದೇ ಬಟ್ಟೆಯ ಮೇಲೆ ಬೆನ್ನಿಟ್ಟು ಮಲಗಿತ್ತು.

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ನಾಲ್ಕು ಗಂಟೆಗೆ ಸಿದ್ದಮ್ಮನ ಮನೆಯೊಳಗಿದ್ದೆ. ಬಟ್ಟೆ ಕೊಟ್ಟ ಒಂದು ಮನೆಯಲ್ಲಿ ಅಮ್ಮ ಆಗಿರುವುದನ್ನು ಒಂದೇ ಉಸಿರಿಗೆ ಹೇಳಿದೆ, ಅದು ನನಗೆ ತಿಳಿದ ಹೊತ್ತನ್ನು ಮಾತ್ರ ಹೇಳಲಿಲ್ಲ. ಸಿದ್ದಮ್ಮ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ನಿಧಾನವಾಗಿ ತಮ್ಮ ಕುಳಿಬಿದ್ದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು.

"ಯಾರ್ ಮನೇದು?"

"ಗಂಗಕ್ಕನದು. ನಡುವಿಂದು."

"ಬಿಚ್ಚಿ ಆ ಚೌಕ ತೆಗೀರಿ."

"ಸಾಲದು ಸಿದ್ದಮ್ಮ. ಪೂರ್ತಿ ಕುದಿಸಬೇಕು. ಇಲ್ಲಾ ಸುಡಬೇಕು."

"ಸುಡೋದಾ?" ಎಂದು ಎದ್ದು ನಿಂತರು. "ಒಂಬತ್ ಮನೆ ಮಕ್ಕಳ ಬಟ್ಟೆ ಅದು. ಬೆಂಕಿಗ್ ಹಾಕಿ ಆ ಮಕ್ಳಿಗೇನಾರ ಆದ್ರೆ ಯಾರ್ ಹೊಣೆ, ನೀವಾ? ಕುದಿಸಿ ಆಯಸ್ಸೆಲ್ಲ ನೀರ್ಪಾಲ್ ಮಾಡಿ ನನ್ ಕೂಸಿಗೇನಾರ ಆದ್ರೆ? ಮುಟ್ಬೇಡಿ ಅದನ್ನ."

ಅವರ ಭಯವೂ ಸುಳ್ಳಲ್ಲ. ಎರಡು ಸಲ ಕಂಡ ಭಯ ಅದು. ಆಗ ರತ್ನ ಎದ್ದಳು. ಕೂಸನ್ನು ಎತ್ತಿ, ತನ್ನ ಸೀರೆಯ ಸೆರಗಿನಲ್ಲಿ ಸುತ್ತಿ, ಅತ್ತೆಯ ಕೈಗಿಟ್ಟಳು. ಕೌದಿಯನ್ನು ಮಡಿಚಿಕೊಂಡು ಬಚ್ಚಲ ಕಡೆ ನಡೆದಳು.

"ರತ್ನಾ, ಏನೇ ಮಾಡ್ತಿದೀಯ?"

"ಆಯಸ್ಸು ಅದ್ರಲ್ಲಿದ್ರೆ ಕುದಿಸಿದ್ರೂ ಇರ್ತದೆ ಅತ್ತೆ. ಕುದಿಸಿದ್ರೆ ಹೋಗೋ ಅಂಥದಾದ್ರೆ ನನ್ ಮಗೀಗ್ ಬೇಡ."

ಅವಳು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹಂಡೆಯಲ್ಲಿ ನೀರು ಬಾಣಂತಿಯ ಸ್ನಾನಕ್ಕೆಂದು ಕಾದೇ ಇತ್ತು. ಕೌದಿಯನ್ನು ಅದರೊಳಗೆ ಹಾಕಿ ಕೋಲಿನಿಂದ ಅದುಮಿದಳು. ಒಂಬತ್ತು ಮನೆಯ ಬಣ್ಣ ನೀರಿಗೆ ಬಿಟ್ಟುಕೊಂಡಿತು. ಸಿದ್ದಮ್ಮ ಕೂಸನ್ನು ಅವಚಿಕೊಂಡು ನನ್ನ ಕಡೆ ಬೆನ್ನು ಹಾಕಿ ಕೂತರು.

ಆ ಸಂಜೆಯೇ ನಾನು ಹೇಳಿ ಕಳಿಸಿದ್ದರಿಂದ ಮಾರನೆಯ ಬೆಳಗ್ಗೆ ದಾಕು ಹಾಕುವ ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಹಲ್ಲುಗಳಿದ್ದ ಪುಟ್ಟ ಬಿಲ್ಲೆಯಂಥ ಉಪಕರಣವನ್ನು ಕೂಸಿನ ತೋಳಿನ ಮೇಲಿಟ್ಟು ತಿರುಗಿಸಿದರು. ಕೂಸು ಉಸಿರು ಕಟ್ಟಿ ಅತ್ತಿತು. "ಎಷ್ಟು ದಿನ ಮಲಗಿತ್ತು ಆ ಬಟ್ಟೆ ಮೇಲೆ?" ಎಂದು ಕೇಳಿದರು. ಮೂರು ದಿನವೆಂದೆ. "ಇವತ್ತು ಹಾಕಿದ ದಾಕು ಹತ್ತಿದ್ರೆ ಬಚಾವು. ಎರಡು ವಾರ ನೋಡ್ಬೇಕು" ಎಂದರು. ಅಲ್ಲಿಂದ ಗಂಗಕ್ಕನ ಮನೆಗೆ ಹೋದರು. ಬೀದಿಯವರಿಗೆಲ್ಲ ದಾಕು ಹಾಕಿದರು. ಗಂಗಕ್ಕ ನನ್ನನ್ನು ನೋಡಿ, "ಹೇಳ್ಬಿಟ್ರಲ್ಲ" ಎಂದಳು, ಅಷ್ಟೇ. ಅವಳ ಮನೆಗೆ ನೀರು ಸೇದಲು ಕೂಡ ಯಾರೂ ಹಗ್ಗ ಕೊಡಲಿಲ್ಲ. ಇನ್‌ಸ್ಪೆಕ್ಟರು ಹೇಳಿದ್ದಕ್ಕಿಂತ ಹೆಚ್ಚಿನ ದೂರದಲ್ಲಿ ಊರು ಅವಳನ್ನು ಇಟ್ಟಿತು.

ಆ ಹದಿನಾಲ್ಕು ದಿನ ಪ್ರತಿ ಬೆಳಗ್ಗೆ ಎಂಟಕ್ಕೆ ಹೋಗಿ ಕೂಸಿನ ಮೈ ನೋಡುತ್ತಿದ್ದೆ. ಹಣೆಯಿಂದ ಶುರು, ಕಿವಿಯ ಹಿಂದೆ, ಕತ್ತಿನ ಮಡಿಕೆ, ಕಂಕುಳು, ಅಂಗೈ, ಅಂಗಾಲು. ಕ್ರಮ ತಪ್ಪಿಸಲಿಲ್ಲ. ಸಿದ್ದಮ್ಮ ನನ್ನೊಡನೆ ಮಾತು ಬಿಟ್ಟಿದ್ದರು, ಬಾಗಿಲು ಮಾತ್ರ ತೆರೆದಿಡುತ್ತಿದ್ದರು.

ಎಂಟನೆಯ ದಿನ ನಾನು ಹೋಗುವ ಮೊದಲೇ ಅವರು ಬೀದಿಗೆ ಬಂದು ನಿಂತಿದ್ದರು. "ಮೈ ಕೆಂಡ ಆಗೈತೆ. ಹಾಲು ಹಿಡೀತಿಲ್ಲ" ಎಂದರು. ಬಟ್ಟೆ ಬಿಚ್ಚಿದೆ. ತೋಳಿನ ಗುಳ್ಳೆ ಕೀವುಗಟ್ಟಿ ಸುತ್ತ ಕೆಂಪಾಗಿತ್ತು. ದಾಕು ಎದ್ದರೆ ಜ್ವರ ಬರುತ್ತದೆ. ಸಿಡುಬು ಬರುವ ಮುಂಚೆಯೂ ಇದೇ ಜ್ವರ. ಯಾವುದು ಎಂದು ಹೇಳಲು ನನಗೆ ಬರುವುದಿಲ್ಲ. ಹಣೆ, ಕಿವಿ, ಕತ್ತು ನೋಡುತ್ತ ಬಂದೆ. ಎಡ ಕಂಕುಳ ಕೆಳಗೆ ಒಂದು ಕೆಂಪು ಚುಕ್ಕೆ.

ಅದನ್ನು ನಾನು ನೋಡಿದ್ದನ್ನು ರತ್ನ ನೋಡಿದಳು.

"ಏನದು?"

"ಗೊತ್ತಿಲ್ಲ" ಎಂದೆ. ಈ ಸಲ ಸುಳ್ಳು ಹೇಳಲಿಲ್ಲ. "ಅದೇ ಇರಬಹುದು, ಇಲ್ಲದೆಯೂ ಇರಬಹುದು. ಇನ್‌ಸ್ಪೆಕ್ಟರನ್ನು ಕರೆತರುತ್ತೇನೆ."

ಅವರು ತರೀಕೆರೆಗೆ ಹೋಗಿದ್ದರು. ಬಸ್ಸು ಹಿಡಿದು ಹೋಗಿ, ಆಸ್ಪತ್ರೆಯ ಜಗಲಿಯಲ್ಲಿ ಕಾದು, ಅವರನ್ನು ಕರೆದುಕೊಂಡು ಬರುವಾಗ ಮಧ್ಯಾಹ್ನ ಎರಡಾಗಿತ್ತು. ಬಸ್ಸಿನಲ್ಲಿ ಅವರು ಏನೋ ಮಾತಾಡುತ್ತಿದ್ದರು, ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಬೀದಿಯ ತಿರುವಿನಲ್ಲಿ ಅಳುವ ಸದ್ದು ಕೇಳೀತೇ ಎಂದು ನನ್ನ ಕಾಲು ನಿಧಾನವಾಯಿತು. ಏನೂ ಕೇಳಲಿಲ್ಲ. ಏನೂ ಕೇಳದಿದ್ದುದು ಇನ್ನೂ ಕೆಟ್ಟದಾಗಿತ್ತು.

ಇನ್‌ಸ್ಪೆಕ್ಟರು ಕೂಸನ್ನು ಬೆಳಕಿಗೆ ಹಿಡಿದು ಆ ಚುಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಬಾಯೊಳಗೆ ನೋಡಿದರು. ಅಂಗಾಲು ನೋಡಿದರು. ಸಿದ್ದಮ್ಮ ಅವರ ಮುಖವನ್ನೇ ನೋಡು‌ತ್ತಿದ್ದರು.

"ಇರುವೆ ಕಚ್ಚಿದೆ" ಎಂದರು. "ಜ್ವರ ದಾಕಿಂದು. ಚೆನ್ನಾಗಿ ಎದ್ದಿದೆ. ಇನ್ನೊಂದು ವಾರ ನೋಡಿ, ಆಮೇಲೆ ಭಯವಿಲ್ಲ."

ಆ ಒಂದು ವಾರವನ್ನೂ ನೋಡಿದೆವು. ಜ್ವರ ಇಳಿಯಿತು, ತೋಳಿನ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿತು. ಬೇರೆಲ್ಲೂ ಏನೂ ಏಳಲಿಲ್ಲ. ಗಂಗಕ್ಕನ ಚಂದ್ರಿಯೂ ಉಳಿದಳು, ಸಿದ್ದಮ್ಮನಂಥದೇ ಕೆನ್ನೆ ಹೊತ್ತು.

ತರೀಕೆರೆಗೆ ವರದಿ ಒಯ್ದೆ. ಕುದಿಸದ ಬಟ್ಟೆಯ ವಿಷಯ ಬರೆದಿದ್ದೆ. ಬೆಳಗ್ಗೆ ಹತ್ತು ಗಂಟೆಯ ವಿಷಯ ಬರೆದಿರಲಿಲ್ಲ. "ವಿಷಯ ತಿಳಿದ ದಿನವೇ ಮನೆಯವರಿಗೆ ತಿಳಿಸಿ ಬಟ್ಟೆ ಕುದಿಸಲಾಯಿತು" ಎಂದಿತ್ತು. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಮುಖ್ಯಸೇವಿಕೆ ಕೆಂಪು ಪೆನ್ಸಿಲ್ ಹಿಡಿದು ಎರಡು ಸಲ ಓದಿದರು. ಕ್ರಮ ತಪ್ಪಿದ್ದಕ್ಕೆ ಎಚ್ಚರಿಕೆ ಬರೆದರು. ಆಮೇಲೆ, "ತಿಳಿದ ದಿನವೇ ಹೇಳಿದ್ದೀರಿ. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು" ಎಂದರು. ಎಚ್ಚರಿಕೆಯನ್ನು ತಡೆದುಕೊಂಡೆ. ಆ ಮೆಚ್ಚುಗೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಅಲ್ಲಿಂದ ಮುಂದೆ ನಾನು ಹೋದ ಪ್ರತಿ ಊರಿನಲ್ಲೂ ಮೊದಲ ದಿನದ ಪಾಠ ಸೂಜಿಯದಲ್ಲ, ಹಂಡೆಯದು. ತಂದ ಚಿಂದಿಯನ್ನು ಎಲ್ಲರ ಎದುರಿಗೆ ಕುದಿಸಿ, ಅವರವರ ಕೈಯಿಂದಲೇ ಬಿಸಿಲಿಗೆ ಹಾಕಿಸುತ್ತಿದ್ದೆ. ಆಯಸ್ಸಿನ ಮಾತು ಬಂದರೆ ವಾದ ಮಾಡುತ್ತಿರಲಿಲ್ಲ, ರತ್ನ ಅತ್ತೆಗೆ ಹೇಳಿದ್ದನ್ನು ಹಾಗೆಯೇ ಹೇಳುತ್ತಿದ್ದೆ. ಸರ್ಕಾರದ ಕೈಪಿಡಿಗಿಂತ ಅದು ಚೆನ್ನಾಗಿ ಕೆಲಸ ಮಾಡಿತು.

ಆದರೆ ನಾನು ಹೇಳಹೊರಟದ್ದು ಇನ್ನೂ ಒಂದಿದೆ.

ವರದಿ ಕೊಟ್ಟು ಬಂದ ವಾರ ರತ್ನನ ಮನೆಗೆ ಹೋದೆ. ಸಿದ್ದಮ್ಮ ಹೊಲಕ್ಕೆ ಹೋಗಿದ್ದರು. ರತ್ನ ಜಗಲಿಯ ಬಿಸಿಲಿನಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅಭ್ಯಾಸಬಲದಿಂದ ಕತ್ತಿನ ಮಡಿಕೆ ನೋಡಿದೆ. ಅವಳು ಕೈ ನಿಲ್ಲಿಸದೆಯೇ ಕೇಳಿದಳು.

"ಟೀಚರಮ್ಮ, ಆವತ್ತು ಬೆಳಿಗ್ಗೆ ಬಂದು, ಮೇಡಂಗೆ ತೋರಿಸ್ಬೇಕು ಕೌದಿ ಕೊಡಿ ಅಂದ್ರಲ್ಲ."

"ಹೌದು."

"ಆಗ್ಲೇ ಗೊತ್ತಿತ್ತಾ ನಿಮಗೆ?"

ಮುಖ್ಯಸೇವಿಕೆ ಕೇಳದ ಪ್ರಶ್ನೆ. ಇಲ್ಲ ಎನ್ನಬಹುದಾಗಿತ್ತು. ಅವಳಿಗೆ ತಿಳಿಯುವ ದಾರಿಯಿರಲಿಲ್ಲ, ಗಂಗಕ್ಕ ಯಾರೊಡನೆಯೂ ಮಾತಾಡುತ್ತಿರಲಿಲ್ಲ.

"ಗೊತ್ತಿತ್ತು ರತ್ನ" ಎಂದೆ.

ಅವಳು ಕೂಸನ್ನು ಬೋರಲು ಮಾಡಿದಳು. ಬೆನ್ನಿಗೆ ಎಣ್ಣೆ ಹಚ್ಚಿದಳು, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ನಾನು ಎದ್ದು ಹೋಗಲೋ ಕೂತಿರಲೋ ತಿಳಿಯದೆ ಕೂತಿದ್ದೆ. ತರೀಕೆರೆಯ ಕಚೇರಿಯಲ್ಲಿಯೂ, ಎಮ್ಮೆದೊಡ್ಡಿಯ ಕಾವಲಿನಲ್ಲಿಯೂ, ಆಮೇಲಿನ ಯಾವ ವರ್ಷದಲ್ಲಿಯೂ ನಾನು ಅಷ್ಟು ಹೆದರಿಲ್ಲ.

"ಆ ಹೊತ್ತೆಲ್ಲ ಇವಳು ಅದ್ರ ಮೇಲೇ ಮಲಗಿದ್ಲು" ಎಂದಳು.

"ಹೌದು."

ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು, ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು. ನೀರು ತೋಡಲು ಬಚ್ಚಲಿಗೆ ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಇನ್ಮೇಲೆ ಯಾರ್ ಮನೇಲಾದ್ರೂ ಇಂಥದಾದ್ರೆ" ಎಂದಳು, "ಬೆಳಗ್ಗೇನೇ ಹೇಳ್ಬಿಡಿ."